ಎಂಟು ಕೋಣೆಗಳ ಮಳೆಗಾಲ

ಕೊಟ್ಟಿಗೆಹಾರದ ಮೇಲಿನ ಗುಡ್ಡದಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದ ಲಾಡ್ಜಿಗೆ ಈ ವರ್ಷ ಇಬ್ಬರು ಹುಡುಗಿಯರು ಹೊಸದಾಗಿ ಸೇರಿದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು. ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ವಸ್ತಾರೆಯ ಮನೆಗೆ ಬಂದಿದ್ದರು. "ಆಂಟಿ, ಹೌಸ್‌ಕೀಪಿಂಗ್ ಬಗ್ಗೆ ನಾಲ್ಕು ಟಿಪ್ಸ್ ಹೇಳಿ" ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಎದುರಿಗೆ ನಿಂತವರಿಗೆ ಪಟಪಟ ಉತ್ತರ ಕೊಡುವ ಹೆಂಗಸು ಎಂದು ಹೆಸರು ಮಾಡಿದವಳು ನಾನು, ಆದರೆ ನಾಲ್ಕು ಟಿಪ್ಸಿನಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಒಗ್ಗರಣೆ ಅವಲಕ್ಕಿ ತಿನ್ನಿಸಿ ಕಳಿಸಿದೆ. ಅವರು ಬಸ್ಸು ಹತ್ತಿದ ಮೇಲೆ ನನಗೇ ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಯಾವಾಗ ಸೂಪರ್‌ವೈಸರ್ ಆದೆ, ಯಾವಾಗ ಮ್ಯಾನೇಜರ್ ಎಂದು ಬೋರ್ಡು ಹಾಕಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ಕೆಲಸ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಇತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡದ ಲಾಡ್ಜಿನಲ್ಲಿ ಒದ್ದೆಯಾದದ್ದನ್ನು ಒಣಗಿಸಬೇಕು, ಒಣಗಿದ್ದು ಮತ್ತೆ ಒದ್ದೆಯಾಗದಂತೆ ಕಾಯಬೇಕು. ಉಳಿದ ಎಂಟು ತಿಂಗಳು ನೀವು ಓದಿಕೊಂಡು ಬಂದದ್ದು ಸಾಕಾಗುತ್ತದೆ. ಈ ನಾಲ್ಕು ತಿಂಗಳಿಗೆ ಸಾಲುವುದಿಲ್ಲ.

ನಾನು ಸೇರಿದಾಗ ಆ ನಾಲ್ಕು ತಿಂಗಳು ಲಾಡ್ಜೇ ಇರುತ್ತಿರಲಿಲ್ಲ. ಜೂನ್ ಮೊದಲ ವಾರ ಎಂಟೂ ಕೋಣೆಗೆ ಬೀಗ ಹಾಕಿ ನಮ್ಮನ್ನೆಲ್ಲ ಮನೆಗೆ ಕಳಿಸುತ್ತಿದ್ದರು. ಬೇರೆಯವರಿಗೆ ಹೋಗಲು ಮನೆಯಿತ್ತು. ನಾನು ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಚಿಕ್ಕಮಗಳೂರಿನಲ್ಲಿ ತಮ್ಮನ ಬಟ್ಟೆ ಅಂಗಡಿ, ಅಂಗಡಿಯ ಮೇಲೆ ಮನೆ. ಪ್ರತಿ ಮಳೆಗಾಲವೂ ಟ್ರಂಕು ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ತಮ್ಮ ಕೆಟ್ಟವನಲ್ಲ. ಅವನ ಹೆಂಡತಿಯೂ ಒಂದು ದಿನವೂ ಬಾಯಿಬಿಟ್ಟು ಬೇಡದ ಮಾತಾಡಿದವಳಲ್ಲ. ಆದರೆ ನಾನು ಬರುವ ದಿನ ಅವಳು ಮಕ್ಕಳ ಪುಸ್ತಕ, ಹೊಲಿಗೆ ಮಿಷಿನ್ನು ಎಲ್ಲವನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಳು. ನಾನು ಹೋಗುವ ದಿನ ಅದೇ ಸಾಮಾನು ವಾಪಸ್ ಬರುತ್ತಿತ್ತು. ಹತ್ತು ವರ್ಷ ಅದನ್ನು ನೋಡಿದೆ. ಹನ್ನೊಂದನೆಯ ಮಳೆಗಾಲಕ್ಕೆ ಹೋಗಬಾರದು ಎಂದು ಗಟ್ಟಿ ಮಾಡಿಕೊಂಡೆ.

ಲಾಡ್ಜೂ ಅದರ ಕೆಳಗಿನ ಕಾಫಿ ಎಸ್ಟೇಟೂ ಒಬ್ಬರದೇ. ನಾವು ಅವರನ್ನು ಎಜಮಾನ್ರು ಎನ್ನುತ್ತಿದ್ದೆವು. ಆರಡಿ ಎತ್ತರ, ಮೆಲು ಮಾತು. ಕೂಗಾಡುವ ಎಜಮಾನರನ್ನು ನಿಭಾಯಿಸಬಹುದು, ಮೆಲ್ಲಗೆ ಮಾತಾಡುವವರ ಮುಂದೆ ನಿಲ್ಲುವುದು ಕಷ್ಟ. ಮೇ ತಿಂಗಳ ಕೊನೆಗೆ ಅವರ ಮುಂದೆ ಹೋಗಿ ನಿಂತೆ.

"ಎಜಮಾನ್ರೇ, ಈ ವರ್ಷ ಮಳೆಗಾಲ್ದಲ್ಲೂ ಲಾಡ್ಜ್ ತೆಗ್ದಿಡುವ. ನಾನು ನೋಡ್ಕೋತೀನಿ."

"ಮಳೆ ನೋಡಕ್ಕೆ ದುಡ್ಡು ಕೊಟ್ಟು ಯಾರು ಬರ್ತಾರೆ ವಿಶಾಲಮ್ಮ?"

"ಬೆಂಗಳೂರಿನವ್ರು ಬರ್ತಾರೆ. ಅವ್ರಿಗೆ ಮಳೆ ಅಂದ್ರೆ ಕಾರಿನ ಗಾಜಿನ ಮೇಲೆ ಬೀಳೋದು ಮಾತ್ರ."

ಅವರು ನಗಲಿಲ್ಲ. "ಒಂದು ಮಳೆಗಾಲ ನೋಡುವ. ಒಬ್ರೇ ಒಬ್ರು ಗೆಸ್ಟ್ ಬೈದು ಎದ್ದು ಹೋದ್ರೂ ಮುಂದಿನ ವರ್ಷದಿಂದ ಬೀಗವೇ. ಆಮೇಲೆ ಈ ಮಾತು ಎತ್ತಬಾರ್ದು" ಎಂದರು. ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿ ಏನಿತ್ತು?

ಜೊತೆಗೆ ಉಳಿದವನು ಅಡಿಗೆಯ ಸಂಜೀವಣ್ಣ ಒಬ್ಬನೇ. ಅವನು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಅಡಿಗೆ ಮಾಡಿಕೊಂಡಿದ್ದವನು, ಗಣಿ ನಿಂತ ಮೇಲೆ ನಮ್ಮಲ್ಲಿಗೆ ಬಂದಿದ್ದ. ನೀರುದೋಸೆ ಹುಯ್ಯುವುದರಲ್ಲಿ ಅವನನ್ನು ಮೀರಿಸುವವರನ್ನು ನಾನು ಕಾಣೆ. ಬೇಜಾರು ಮಾಡಿಕೊಳ್ಳುವುದರಲ್ಲೂ ಅಷ್ಟೇ.

ಮೊದಲ ಎಡವಟ್ಟು ಮಾಡಿದವಳು ನಾನೇ. ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಮೂರನೆಯ ದಿನಕ್ಕೆ ಕಂಬಳಿಗಳಲ್ಲಿ ಮುಗ್ಗಲು ವಾಸನೆ. ಐದನೆಯ ದಿನಕ್ಕೆ ಒಗೆದ ಬೆಡ್‌ಶೀಟು ವರಾಂಡದಲ್ಲಿ ನೀರಿಳಿಸುತ್ತ ನೇತಾಡುತ್ತಲೇ ಇತ್ತು. ಇಡೀ ಎಸ್ಟೇಟಿನಲ್ಲಿ ಒಣಗಿದ ಜಾಗ ಯಾವುದು ಎಂದು ಯೋಚಿಸಿದೆ. ಪಾರ್ಚ್‌ಮೆಂಟ್ ಗೋಡೌನ್! ಹಣ್ಣು ಪಲ್ಪ್ ಮಾಡಿ ಒಣಗಿಸಿದ, ಇನ್ನೂ ಹೊಟ್ಟು ತೆಗೆಯದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದಕ್ಕೆ ತೇವ ತಾಗಬಾರದೆಂದು ಗೋಡೌನಿಗೆ ಹಲಗೆ ನೆಲ, ಬಿಗಿಯಾದ ಬಾಗಿಲು. ಆ ವರ್ಷ ರೇಟು ಏರಲಿ ಎಂದು ಎಜಮಾನರು ಮಾಲನ್ನು ಕಳಿಸದೆ ಕಾದಿದ್ದರು. ಎಸ್ಟೇಟಿನ ಲೆಕ್ಕ, ಗೋಡೌನು ನೋಡಿಕೊಳ್ಳುವ ರೈಟರು ಮಗಳ ಬಾಣಂತನವೆಂದು ರಜೆಯಲ್ಲಿದ್ದರು. ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ಇಪ್ಪತ್ತು ಕಂಬಳಿ ಹೊತ್ತುಕೊಂಡು ಹೋಗಿ ಮೂಟೆಗಳ ಮೇಲೆ ಹರಡಿದೆ. ಬಟ್ಟೆ ಅಂಗಡಿಯ ಮನೆಯಿಂದ ಬಂದವಳಲ್ಲವೇ ನಾನು, ನುಸಿ ಹಿಡಿಯದಿರಲಿ ಎಂದು ಕಂಬಳಿಗೊಂದು ಹಿಡಿಯಂತೆ ನುಸಿಗುಳಿಗೆ ಸುರಿದು ಬಾಗಿಲು ಭದ್ರ ಮಾಡಿ ಬಂದೆ. ಎಷ್ಟು ಬುದ್ಧಿವಂತೆ ನಾನು ಎಂದುಕೊಂಡು ಬಂದೆ.

ಕಾಫಿ ಬೀಜ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬುದು ಎಸ್ಟೇಟಿನ ಕೂಲಿ ಹೆಂಗಸರಿಗೂ ಗೊತ್ತು. ಹತ್ತು ವರ್ಷ ಅದೇ ಗುಡ್ಡದ ಮೇಲಿದ್ದ ನನಗೆ ಗೊತ್ತಿರಲಿಲ್ಲ. ನನ್ನ ಪ್ರಪಂಚ ಬೆಡ್‌ಶೀಟಿನಷ್ಟೇ ಅಗಲವಿತ್ತು. ಹದಿನೈದು ದಿನದ ನಂತರ ರೈಟರು ರಜೆ ಮುಗಿಸಿ ಬಂದು ಬಾಗಿಲು ತೆಗೆದವರು ಹೊರಗೆ ನಿಂತೇ ಕೂಗಿದರು: "ಯಾರ್ರೀ ಇದು? ಗೋಡೌನ್ ಮಾಡಿದ್ರೋ ಬೀರು ಮಾಡಿದ್ರೋ?"

ಎಜಮಾನರು ಹೇಳಿ ಕಳಿಸಿದರು. ಬಂಗಲೆಯ ಜಗಲಿಯಲ್ಲಿ ಒಂದು ಲೋಟ ಕಾಫಿ ಇಟ್ಟುಕೊಂಡು ಕೂತಿದ್ದರು. ಆ ಮೂಟೆಯದೇ ಒಂದು ಹಿಡಿ ಬೀಜ ಹುರಿಸಿ, ಪುಡಿ ಮಾಡಿಸಿ, ಕಾಸಿಸಿದ್ದರು.

"ಕುಡೀರಿ ವಿಶಾಲಮ್ಮ."

ಒಂದು ಗುಟುಕು ಬಾಯಿಗೆ ಹೋದದ್ದೇ ತಡ, ನಮ್ಮಜ್ಜಿಯ ಟ್ರಂಕಿನ ಮುಚ್ಚಳ ತೆಗೆದ ಹಾಗಾಯಿತು. ಉಗಿಯುವಂತಿಲ್ಲ. ಅವರು ನೋಡುತ್ತಲೇ ಇದ್ದರು. ನಾನೂ ಲೋಟ ಕೆಳಗಿಡಲಿಲ್ಲ. ತಳದ ಗಷ್ಟು ಬರುವ ತನಕ ಕುಡಿದೆ.

"ಹೆಂಗಿದೆ?"

"ನುಸಿ ಹಿಡಿಯಲ್ಲ ಎಜಮಾನ್ರೇ."

ಬಾಯಿಂದ ಬಂದೇಬಿಟ್ಟಿತು. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಮೀಸೆಯ ತುದಿ ಸ್ವಲ್ಪ ಅಲ್ಲಾಡಿತೋ ಏನೋ, ನನಗೆ ಈಗಲೂ ಖಾತ್ರಿಯಿಲ್ಲ. "ನಿಮ್ ಕಂಬಳಿ ನೀವೇ ಒಣಗಿಸ್ಕಳಿ. ನನ್ ಗೋಡೌನಿಗೆ ಕಾಲಿಡ್ಬೇಡಿ" ಎಂದರು ಅಷ್ಟೇ. ಆ ಮಾಲು ಎಷ್ಟಕ್ಕೆ ಹೋಯಿತೆಂದು ಅವರು ಹೇಳಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ. ಗುಡ್ಡ ಹತ್ತುವಾಗ ದಾರಿಯುದ್ದಕ್ಕೂ ಅತ್ತೆ. ಮಳೆಯಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಎದುರು ಬಂದವರಿಗೆ ಗೊತ್ತಾಗುವುದಿಲ್ಲ.

ಮಾರನೆಯ ದಿನದಿಂದ ಹಂಡೆ ಒಲೆಯ ಕೋಣೆ ನನ್ನದಾಯಿತು. ಗೆಸ್ಟುಗಳಿಗೆ ಸ್ನಾನದ ನೀರು ಕಾಯುವ ಆ ಕೋಣೆಯ ಒಲೆ ಆರುತ್ತಿರಲಿಲ್ಲ. ಮಲೆನಾಡಿನ ಬಾಣಂತಿ ಮನೆಗಳಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಮಗುವಿನ ಬಟ್ಟೆ ಹರಡುತ್ತಾರಲ್ಲ, ಅದನ್ನೇ ದೊಡ್ಡದು ಮಾಡಿದೆ. ಎಸ್ಟೇಟಿನ ಆಳುಗಳಿಗೆ ಹೇಳಿ ಮಂಚದಷ್ಟು ಅಗಲದ ಬಿದಿರಿನ ತಟ್ಟಿ ಹೆಣೆಸಿ ಒಲೆಯ ಮೇಲೆ ಮಾಡಿಗೆ ತೂಗುಹಾಕಿಸಿದೆ. ಶೀಟು ನಾಲ್ಕು ಗಂಟೆಯಲ್ಲಿ ಗರಿಗರಿ ಒಣಗುತ್ತಿತ್ತು. ಹೊಗೆ ವಾಸನೆ ಮಾತ್ರ ಬಿಡುತ್ತಿರಲಿಲ್ಲ. ಗೆಸ್ಟು ಮೂಗು ಮುರಿದರೆ ನಾನು ನೇರವಾಗಿ ಹೇಳುತ್ತಿದ್ದೆ: "ಒಣಗಿದ್ದಕ್ಕೆ ಹೊಗೆ ವಾಸನೆ ಇದೆ. ವಾಸನೆ ಇಲ್ಲದ್ದೂ ಕೊಡ್ತೀನಿ, ಅದು ಒದ್ದೆ ಇದೆ. ಯಾವ್ದು ಬೇಕು ಹೇಳಿ." ಎಲ್ಲರೂ ಹೊಗೆಯನ್ನೇ ಆರಿಸಿಕೊಂಡರು. ಹುಡುಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ. ಮುಚ್ಚಿಡಲು ಹೋದರೆ ಗೆಸ್ಟು ಅದನ್ನೇ ದೂರು ಹೇಳುತ್ತಾರೆ, ಮೊದಲೇ ಹೇಳಿದರೆ ಅವರೇ ಒಪ್ಪಿಕೊಳ್ಳುತ್ತಾರೆ.

ಆದರೆ ನೇರ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಜುಲೈನಲ್ಲಿ ಒಂದು ಗಂಡ ಹೆಂಡತಿ ಬಂದರು, ಹೊಸದಾಗಿ ಮದುವೆಯಾದವರು. ಹುಲ್ಲಿನಲ್ಲಿ ಓಡಾಡಿ ಫೋಟೊ ತೆಗೆದುಕೊಳ್ಳಬೇಡಿ, ಜಿಗಣೆಯಂಥ ಇಂಬಳ ಹತ್ತುತ್ತದೆ ಎಂದರೂ ಕೇಳಲಿಲ್ಲ. ಇಂಬಳ ಉದುರಿಸಲು ಉಪ್ಪಿನ ಗಂಟು ಕಟ್ಟಿದ ಕೋಲು ಕೊಟ್ಟರೆ ವರಾಂಡದಲ್ಲೇ ಬಿಟ್ಟು ಹೋದರು. ಬೆಳಗ್ಗೆ ಎದ್ದರೆ ಶೀಟಿನ ಮೇಲೆ ರಕ್ತದ ಕಲೆ, ದಿಂಬಿನ ಪಕ್ಕ ರಕ್ತ ಕುಡಿದು ದ್ರಾಕ್ಷಿಯಂತಾದ ಇಂಬಳ. ಆ ಹೆಣ್ಣುಮಗಳ ಕಿರುಚಾಟಕ್ಕೆ ಸಂಜೀವಣ್ಣನ ಕೈಯ ಸೌಟು ಬಿತ್ತು.

"ಹಾಸಿಗೇಲಿ ಹುಳ ಸಾಕಿದೀರೇನ್ರೀ?" ಎಂದು ಗಂಡ ನನ್ನ ಮೇಲೆ ಬಂದ.

"ಹುಳ ನಮ್ ಹಾಸಿಗೇದಲ್ಲ ಸ್ವಾಮಿ, ನಿಮ್ ಸಾಕ್ಸಲ್ಲಿ ಬಂದಿದ್ದು" ಎಂದೆ. ಸಾಕ್ಸು ಎತ್ತಿ ಕೊಡವಿ ಇನ್ನೆರಡು ಇಂಬಳ ನೆಲಕ್ಕೆ ಬೀಳಿಸಿಯೂ ತೋರಿಸಿದೆ.

ಮಾತು ನಿಜವೇ. ಆದರೆ ಹೆದರಿ ನಡುಗುತ್ತಿದ್ದ ಹುಡುಗಿಯ ಮುಂದೆ ಸಾಕ್ಷಿ ಹಿಡಿದು ವಾದ ಗೆಲ್ಲುವುದು ನನ್ನ ಕೆಲಸವಾಗಿರಲಿಲ್ಲ. ಒಂದು ಲೋಟ ಬಿಸಿ ಹಾಲು ಕೊಟ್ಟು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಅವರು ತಿಂಡಿಯನ್ನೂ ತಿನ್ನದೆ, ಲಾಡ್ಜಿಗೂ ನನಗೂ ಸೇರಿಸಿ ಬೈದು ಕಾರು ಹತ್ತಿದರು. ಒಬ್ಬರೇ ಒಬ್ಬರು ಬೈದು ಹೋದರೂ ಬೀಗ ಎಂದಿದ್ದರಲ್ಲ ಎಜಮಾನರು, ಇಲ್ಲಿ ಇಬ್ಬರಾದರು.

"ಎಜಮಾನ್ರಿಗೆ ಹೇಳ್ಬೇಡಿ ಅಕ್ಕ. ಅವ್ರಿಗೆಂತ ಗೊತ್ತಾಗ್ತದೆ?" ಎಂದ ಸಂಜೀವಣ್ಣ. ಹೇಳುವುದಕ್ಕೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಇನ್ನೇನಾದರೂ ದಾರಿ ಹುಡುಕುತ್ತೇನೆ ಎಂದು ಹಟ ಹಿಡಿದೆ.

ಆಗಸ್ಟಿನಲ್ಲಿ ಶ್ರೀಪತಿರಾಯರು ಎಂಬ ಹಿರಿಯರು ಬಂದರು. ಘಾಟಿ ಇಳಿದು ಹೋಗಬೇಕಿದ್ದವರು, ರಸ್ತೆಗೆ ಮರ ಬಿದ್ದು ಮಣ್ಣು ಕುಸಿದು ನಮ್ಮಲ್ಲಿ ಐದು ದಿನ ಸಿಕ್ಕಿಕೊಂಡರು. ಕರೆಂಟಿಲ್ಲ, ಫೋನಿಲ್ಲ. ಆದರೂ ಗೊಣಗಲಿಲ್ಲ. ಕೇಳಿದರೆ, ಆಫ್ರಿಕಾದಲ್ಲಿ ಬೆಟ್ಟದ ಮೇಲಿನ ಲಾಡ್ಜೊಂದರಲ್ಲಿ ಹದಿನಾಲ್ಕು ವರ್ಷ ಉಗ್ರಾಣ ನೋಡಿಕೊಂಡಿದ್ದವರು. "ನಮ್ಮಲ್ಲಿ ವರ್ಷಕ್ಕೆ ಎರಡು ಮಳೆಗಾಲ ಇತ್ತಮ್ಮ. ದೊಡ್ಡ ಮಳೆ ಮುಗೀತು ಅನ್ನುವಷ್ಟರಲ್ಲಿ ಸಣ್ಣ ಮಳೆ. ಮುಚ್ಚಿಕೊಂಡು ಹೋಗೋಣ ಅಂದ್ರೆ ವರ್ಷದಲ್ಲಿ ಅರ್ಧ ಹೋಗ್ತಿತ್ತು" ಎಂದರು.

ನಾಲ್ಕನೆಯ ದಿನ ಹೊತ್ತು ಹೋಗದೆ, ಖಾಲಿ ಕೋಣೆಗಳನ್ನು ತೋರಿಸು ಎಂದರು. ತೋರಿಸಿದೆ. ಹಾಸಿಗೆಯ ಅಡಿಗೆ ಕೈ ಹಾಕಿ ನೋಡಿ, "ಇದರ ಮೇಲೆ ಕೊನೆಗೆ ಯಾರು ಮಲಗಿದ್ದು?" ಎಂದರು.

"ಮೇ ತಿಂಗಳಲ್ಲಿ ಯಾರೋ."

"ಅದಕ್ಕೇ ಮುಗ್ಗಲು ಹಿಡಿದಿದೆ. ಅಲ್ಲಿ ನಮ್ಮ ಮೇಲೆ ಒಬ್ಳು ಮುದುಕಿ ಇದ್ಲು, ಆ ಊರಿನವಳೇ. ಗೆಸ್ಟ್ ಇಲ್ಲದ ಕೋಣೇಲಿ ನಮ್ಮನ್ನೇ ಸರದಿ ಮೇಲೆ ಮಲಗಿಸ್ತಿದ್ಲು. ಮಾಡು ಸೋರೋದು ಮಲಗಿದವನ ಹಣೆಗೇ ಮೊದಲು ಗೊತ್ತಾಗೋದು. ಇಲಿ ಎಲ್ಲಿಂದ ಬರತ್ತೆ, ಗಾಳಿ ಎಲ್ಲಿಂದ ನುಗ್ಗತ್ತೆ, ಬಾಗಿಲಲ್ಲಿ ನಿಂತು ನೋಡಿದ್ರೆ ಏನೂ ತಿಳಿಯಲ್ಲ. ಬೆಳಗ್ಗೆ ಎದ್ದವನು ಹಾಸಿಗೆ ಎತ್ತಿ ನಿಲ್ಲಿಸಿ, ಕೆಂಡದ ಬಾಣಲೆ ಇಟ್ಟು, ಕಿಟಕಿ ತೆಗೆದು ಹೋಗಬೇಕು. ಹೋಗದಿದ್ರೆ ಅವತ್ತು ಊಟ ಇಲ್ಲ."

ಸಂಜೀವಣ್ಣನಿಗೆ ಇದನ್ನು ಹೇಳಿದಾಗ ಅವನು ಕೈಮುಗಿದ. "ಗೆಸ್ಟ್ ಹಾಸಿಗೆ ಮೇಲೆ ನಾವಾ? ಎಜಮಾನ್ರಿಗೆ ಗೊತ್ತಾದ್ರೆ ಇವತ್ತೇ ಗಂಟುಮೂಟೆ ಕಟ್ಬೇಕು." ಅವನ ಹೆದರಿಕೆ ಸುಳ್ಳಲ್ಲ. ಆ ಕಾಲಕ್ಕೆ ನಾವು ಆ ಮಂಚದ ತುದಿಯಲ್ಲಿ ಕೂರುವುದೂ ತಪ್ಪಾಗಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: "ಕುದುರೆಮುಖದಲ್ಲಿ ನೀನಿದ್ದ ಕ್ವಾರ್ಟರ್ಸ್ ಈಗ ಹೆಂಗಿದೆ ಸಂಜೀವಣ್ಣ?" ಗಣಿ ನಿಂತ ಮೇಲೆ ಒಮ್ಮೆ ನೋಡಲು ಹೋಗಿದ್ದನಂತೆ. "ಬಾಗ್ಲು ದೂಡಿದೆ ಅಕ್ಕ, ಬಾಗ್ಲೇ ಕೈಗೆ ಬಂತು" ಎಂದ. ಅಂದಿನಿಂದ ಅವನಿಗೆ ನಾಲ್ಕು ಕೋಣೆ, ನನಗೆ ನಾಲ್ಕು.

ಆರನೆಯ ಕೋಣೆಯಲ್ಲಿ ನನ್ನ ಮೂಗಿನ ಮೇಲೆ ಹನಿ ಬಿತ್ತು, ಬೆಳಗ್ಗೆಯೇ ಒಡೆದ ಹೆಂಚು ಬದಲಾಯಿಸಿದೆವು. ಎರಡನೆಯ ಕೋಣೆಯ ಬೀರುವಿನ ಹಿಂದೆ ಗೆದ್ದಲು ಎದ್ದಿತ್ತು, ಅದನ್ನು ಹಿಡಿದವನು ಸಂಜೀವಣ್ಣ. ಮೂರನೆಯದರಲ್ಲಿ ಕಿಟಕಿಯ ಚಿಲಕ ರಾತ್ರಿಯಿಡೀ ಕಟಕಟ ಎನ್ನುತ್ತಿತ್ತು. ಅಷ್ಟು ವರ್ಷ ಗೆಸ್ಟುಗಳು ಹೇಗೆ ಸಹಿಸಿದರೋ ಎಂದು ಪಾಪ ಅನ್ನಿಸಿತು. ಇಷ್ಟು ಕಾಲ ನಾನು ಹಾಸುತ್ತಿದ್ದ ಹಾಸಿಗೆಯ ಮೇಲೆ ಮಲಗಿದರೆ ಬೆನ್ನಿಗೆ ಏನಾಗುತ್ತದೆ ಎಂದು ತಿಳಿದದ್ದು ಆ ಆಗಸ್ಟಿನಲ್ಲಿ. ಹೊಸಬರಿಗೆ ನಾನು ಹೇಳುವ ದೊಡ್ಡ ಪಾಠವೂ ಇದೇ, ಇದನ್ನು ಯಾವ ಕಾಲೇಜಿನಲ್ಲೂ ಕಲಿಸಿದಂತಿಲ್ಲ.

ಸೆಪ್ಟೆಂಬರ್ ಕೊನೆಗೆ ಒಂದು ಮಧ್ಯಾಹ್ನ ಎಜಮಾನರು ಜೀಪಿನಲ್ಲಿ ಮೇಲೆ ಬಂದರು. ವರಾಂಡದಲ್ಲಿ ಕೂತು ಛತ್ರಿ ಮಡಚಿ ಕೇಳಿದರು: "ಹೇಳಿ ವಿಶಾಲಮ್ಮ. ಯಾರಾದ್ರೂ ಬೈದು ಹೋದ್ರಾ?"

ಕದದ ಹಿಂದೆ ನಿಂತಿದ್ದ ಸಂಜೀವಣ್ಣ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

"ಹೋದ್ರು ಎಜಮಾನ್ರೇ. ಇಬ್ರು. ತಪ್ಪು ನಂದೇ." ಇಂಬಳದ ಕತೆಯನ್ನು ಒಂದೂ ಬಿಡದೆ ಹೇಳಿದೆ. ಬಾಯಿ ತೆಗೆದ ಮೇಲೆ ಪೂರ್ತಿಯಾಗಲಿ ಎಂದು, "ಇನ್ನೊಂದೂ ಇದೆ. ಖಾಲಿ ಇದ್ದ ಕೋಣೆಗಳಲ್ಲಿ ನಾವಿಬ್ರೇ ಸರದಿ ಮೇಲೆ ಮಲಗಿದ್ವಿ. ಗೆಸ್ಟ್ ಹಾಸಿಗೆ ಮೇಲೇ" ಎಂದೆ.

ಅವರು ನನ್ನನ್ನೇ ನೋಡಿದರು. ನಾನೂ ಕಣ್ಣು ತಗ್ಗಿಸಲಿಲ್ಲ.

"ಮಾತಿನ ಪ್ರಕಾರ ಬೀಗ ಹಾಕ್ಬೇಕು."

"ಹಾಕಿ. ಆದ್ರೆ ನನ್ನನ್ನ ಒಳಗೆ ಬಿಟ್ಟು ಹಾಕಿ. ಸಂಬಳ ಬೇಡ. ಮುಂದಿನ ಮಳೆಗಾಲಕ್ಕೆ ನಾನು ಊರಿಗೆ ಹೋಗಲ್ಲ. ಹಾಕೋ ಮುಂಚೆ ಒಂದ್ಸಲ ಕೋಣೆ ನೋಡಿ. ಪ್ರತಿ ಅಕ್ಟೋಬರ್‌ನಲ್ಲೂ ಹಿತ್ತಲಲ್ಲಿ ಎಷ್ಟು ಮುಗ್ಗಿದ ಹಾಸಿಗೆ ಸುಡ್ತಿದ್ವಿ ಅಂತ ನಿಮಗೂ ಗೊತ್ತು."

ಎದ್ದರು. ನಾನು ಹಿಂದೆ ಹೋಗಲಿಲ್ಲ. ಒಂದೊಂದೇ ಕೋಣೆಯ ಬಾಗಿಲು ತೆರೆಯುವ ಸದ್ದು, ಬೀರು ತೆರೆಯುವ ಸದ್ದು ಕೇಳುತ್ತಿತ್ತು. ಐದನೆಯ ಕೋಣೆಯ ಬಾಗಿಲಿನಿಂದ ಇಣುಕಿದ ಸಂಜೀವಣ್ಣ ಓಡಿಬಂದು, "ಅಕ್ಕ, ಎಜಮಾನ್ರು ಹಾಸಿಗೆಗೆ ಮೂಗಿಟ್ಟು ಮೂಸ್ತಿದಾರೆ ಮಾರಾಯ್ತಿ" ಎಂದು ಪಿಸುಗುಟ್ಟಿದ. ಎಂಟನೆಯ ಕೋಣೆಯಲ್ಲಿ ತುಂಬ ಹೊತ್ತಾಯಿತು. ಹೊರಗೆ ಬಂದಾಗ ಅವರ ಶರಟಿನ ಬೆನ್ನೆಲ್ಲ ಮುದುಡಿತ್ತು. ಮಲಗಿ ನೋಡಿ ಬಂದಿದ್ದರು.

ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ ಹೇಳಿದರು: "ಗೇಟಿನ ಹತ್ರ ‘ಮಳೆಗಾಲದಲ್ಲಿ ಮುಚ್ಚಲಾಗಿದೆ’ ಅಂತ ಒಂದು ಮರದ ಬೋರ್ಡ್ ಇತ್ತಲ್ಲ, ಅದನ್ನ ತೆಗೆಸಿಬಿಡಿ."

"ಅದು ಜುಲೈನಲ್ಲೇ ಹಂಡೆ ಒಲೆಗೆ ಹೋಯ್ತು ಎಜಮಾನ್ರೇ. ಒಣ ಸೌದೆ ಮುಗಿದಿತ್ತು."

ಆಗ ನಕ್ಕರು. ಮೊದಲ ಸಲ ಅವರು ಗಟ್ಟಿಯಾಗಿ ನಕ್ಕದ್ದನ್ನು ಕೇಳಿದೆ. ಸಂಜೀವಣ್ಣ ಕದದ ಹಿಂದೆ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಮೀಸೆ ಬೆಳೆದ ಗಂಡಸು ಹೀಗಾ ಅಳುವುದು ಎಂದು ಬೈದು, ಆ ಟವೆಲನ್ನೇ ಕಿತ್ತುಕೊಂಡು ನಾನೂ ಕಣ್ಣೊರೆಸಿಕೊಂಡೆ.

ಈಗ ಲಾಡ್ಜಿನಲ್ಲಿ ಶೀಟು ಒಣಗಿಸುವ ಮಿಷಿನ್ನಿದೆ, ಕೋಣೆಯ ತೇವ ಹೀರುವ ಮಿಷಿನ್ನೂ ಇದೆಯಂತೆ. ಒಳ್ಳೆಯದೇ, ನನ್ನ ಕಣ್ಣು ಹೊಗೆ ಕುಡಿದು ಹಾಳಾದಂತೆ ನಿಮ್ಮದಾಗಬೇಕಿಲ್ಲ. ಆದರೆ ಖಾಲಿ ಕೋಣೆಯಲ್ಲಿ ಮಲಗುವ ಪದ್ಧತಿಯನ್ನು ಬಿಟ್ಟಿದ್ದಾರೆಂದು ಕೇಳಿದೆ. ಹುಡುಗಿಯರೇ, ಅದನ್ನು ಮತ್ತೆ ಶುರುಮಾಡಿ. ಯಾರಾದರೂ ಬೇಡ ಎಂದರೆ ನನ್ನ ಹೆಸರು ಹೇಳಿ, ನಾನು ಬಂದು ಮಾತಾಡುತ್ತೇನೆ.

ಆ ಮೊದಲ ಮಳೆಗಾಲದ ಮುಂದಿನ ವರ್ಷ ಜೂನ್ ಒಂದರಂದು ತಮ್ಮ ಫೋನ್ ಮಾಡಿದ. "ಅಕ್ಕ, ಯಾವತ್ತು ಬರ್ತೀಯ? ಕೋಣೆ ಖಾಲಿ ಮಾಡಿಸ್ಬೇಕು."

"ಮಾಡಿಸ್ಬೇಡ ಮಾರಾಯ. ಮಕ್ಳು ಓದ್ಕಳ್ಳಲಿ ಅಲ್ಲಿ. ನಂಗಿಲ್ಲಿ ಎಂಟು ಕೋಣೆ ಇದೆ" ಎಂದೆ.

ಮಳೆ ಹೆಂಚಿನ ಮೇಲೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿ ಹೇಳಿದೆ.